ಒಂದು ಸಂಜೆ, ಒಂಬತ್ತು ಅಪರಾಧಗಳು: ಫಿಲ್ಮ್ ಫೋರಮ್‌ನಲ್ಲಿ ಯಾವ ಚಿತ್ರಕ್ಕೆ ಹೋಗಬೇಕು?

ಊರಿನಿಂದ ಅಪ್ಪ ಅಮ್ಮ ಆರು ತಿಂಗಳ ಮಟ್ಟಿಗೆ ಬಂದಿರುತ್ತಾರೆ, ಇಲ್ಲವೇ ಶನಿವಾರ ಸಂಜೆ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿರುತ್ತಾರೆ. ಆಗ ಜರ್ಸಿ ಸಿಟಿ, ಎಡಿಸನ್ ಕಡೆಯ ಸ್ನೇಹಿತರಿಂದ ನನಗೊಂದು ಸಂದೇಶ ಬರುತ್ತದೆ. ಮ್ಯಾನ್‌ಹಟನ್ನಿನ ಫಿಲ್ಮ್ ಫೋರಮ್‌ನಲ್ಲಿ ಹಳೆಯ ಕ್ರೈಮ್ ಮತ್ತು ಸಸ್ಪೆನ್ಸ್ ಚಿತ್ರಗಳು ಬಂದಿವೆ, ಪಟ್ಟಿ ಉದ್ದವಿದೆ, ಒಂದೊಂದರ ಮುಂದೆಯೂ ಮೇರುಕೃತಿ ಎಂದೇ ಬರೆದಿದೆ, ಬಿಡುವಿರುವುದು ಒಂದು ಸಂಜೆ ಮಾತ್ರ, ಯಾವುದಕ್ಕೆ ಹೋಗೋಣ? ಹಿಂದೆಲ್ಲ ನಾನು ಯೋಚಿಸದೆ ನನಗಿಷ್ಟವಾದ ಚಿತ್ರದ ಹೆಸರು ಹೇಳಿಬಿಡುತ್ತಿದ್ದೆ. ಒಮ್ಮೆ ಹಾಗೆ ಹೇಳಿದ್ದರಿಂದ ಮಂಡಿನೋವಿದ್ದ ಹಿರಿಯರೊಬ್ಬರು ಇಂಟರ್ವಲ್ ಇಲ್ಲದ ಎರಡು ಗಂಟೆ ಇಪ್ಪತ್ಮೂರು ನಿಮಿಷಗಳ ಜಪಾನಿ ಚಿತ್ರವನ್ನು ಕೂತು ನೋಡಬೇಕಾಯಿತು, ಮತ್ತು ಆ ಮನೆಯವರಿಗೆ ನನ್ನ ಮೇಲೆ ಸ್ವಲ್ಪ ಕಾಲ ಮುನಿಸೂ ಇತ್ತು. ಚಿತ್ರ ಒಳ್ಳೆಯದೇ; ಆದರೆ ಆ ಸಂಜೆಗೆ, ಆ ಜೊತೆಗೆ ಅದು ಸಲ್ಲುವಂಥದ್ದಾಗಿರಲಿಲ್ಲ. ಅಂದಿನಿಂದ ಮೊದಲು ಕೇಳಬೇಕಾದ್ದನ್ನು ಕೇಳಿಕೊಂಡೇ ಹೆಸರು ಹೇಳುತ್ತೇನೆ.

ಥಿಯೇಟರಿನ ಪರಿಚಯವಿಲ್ಲದವರಿಗೆ ಎರಡು ಮಾತು. ಫಿಲ್ಮ್ ಫೋರಮ್ 1970ರಲ್ಲಿ ಐವತ್ತು ಮಡಚುವ ಕುರ್ಚಿಗಳು ಮತ್ತು ಒಂದೇ ಪ್ರೊಜೆಕ್ಟರಿನಿಂದ ಆರಂಭವಾದ, ಇಂದಿಗೂ ಲಾಭರಹಿತ ಸಂಸ್ಥೆಯಾಗಿಯೇ ನಡೆಯುತ್ತಿರುವ ಸ್ವತಂತ್ರ ಚಿತ್ರಮಂದಿರ. 1990ರಿಂದ ಅದು ಹೌಸ್ಟನ್ ಬೀದಿಯಲ್ಲಿದೆ (ಟೆಕ್ಸಸ್ಸಿನ ನಗರದಂತೆ ‘ಹ್ಯೂಸ್ಟನ್’ ಎಂದರೆ ಇಲ್ಲಿಯವರು ನಿಮ್ಮನ್ನು ಹೊಸಬರೆಂದು ಕೂಡಲೇ ಗುರುತಿಸುತ್ತಾರೆ). 2018ರ ನವೀಕರಣದಲ್ಲಿ ನಾಲ್ಕನೆಯ ಪರದೆ ಸೇರಿತು, ಕುರ್ಚಿಗಳು ಬದಲಾದವು. ಅಲ್ಲಿ ಹಳೆಯ ಚಿತ್ರಗಳ ವಿಭಾಗವನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದವರು ಬ್ರೂಸ್ ಗೋಲ್ಡ್‌ಸ್ಟೀನ್. 1997ರಲ್ಲಿ ಅವರೇ ಆರಂಭಿಸಿದ ರಿಯಾಲ್ಟೊ ಪಿಕ್ಚರ್ಸ್ ಎಂಬ ವಿತರಣಾ ಸಂಸ್ಥೆ, ನಾನು ಮುಂದೆ ಹೇಳಲಿರುವ ಚಿತ್ರಗಳಲ್ಲಿ ಕೆಲವನ್ನು ಅಮೆರಿಕದ ಪರದೆಗಳಿಗೆ ಮತ್ತೆ ತಂದಿತು. ಯಾವ ವಾರ ಯಾವ ಚಿತ್ರ ಎಂಬುದು ಬದಲಾಗುತ್ತಲೇ ಇರುತ್ತದೆ, ಆದರೆ ಇಲ್ಲಿ ಹೋಲಿಸಿರುವ ಒಂಬತ್ತು ಚಿತ್ರಗಳು ಇಂಥ ಚಿತ್ರಮಂದಿರಗಳಿಗೆ ಸುತ್ತಿ ಸುತ್ತಿ ಬರುವಂಥವು. ಈ ಸಲ ತಪ್ಪಿದರೆ ಇನ್ನೊಂದು ಸಲ ಸಿಗುತ್ತವೆ.

ಮೊದಲು ಕೇಳಿಕೊಳ್ಳಬೇಕಾದ್ದು

ನನ್ನ ಮೊದಲ ಪ್ರಶ್ನೆ ಚಿತ್ರದ ಗುಣಮಟ್ಟದ್ದಲ್ಲ: ಮನೆಯ ಸೋಫಾದ ಮೇಲೆ ನೋಡಿದರೆ ಈ ಚಿತ್ರದಲ್ಲಿ ಕಳೆದುಹೋಗುವುದೇನು? ಸಸ್ಪೆನ್ಸ್ ಎನ್ನುವುದು ಕಥೆಯಲ್ಲಿರುವಷ್ಟೇ ಕಾಲದಲ್ಲಿಯೂ ಇದೆ. ಮನೆಯಲ್ಲಿ ಕುಕ್ಕರ್ ಕೂಗಿದಾಗ ಚಿತ್ರವನ್ನು ನಿಲ್ಲಿಸಬಹುದು, ಎದೆ ಹೊಡೆದುಕೊಳ್ಳತೊಡಗಿದಾಗ ಫೋನ್ ಕೈಗೆತ್ತಿಕೊಳ್ಳಬಹುದು. ಥಿಯೇಟರಿನಲ್ಲಿ ಎರಡಕ್ಕೂ ದಾರಿಯಿಲ್ಲ. ಆ ದಾರಿ ಇಲ್ಲದಿರುವುದಕ್ಕಾಗಿಯೇ ನಾವು ದುಡ್ಡು ಕೊಡುತ್ತಿದ್ದೇವೆ. ಕೆಲವು ಚಿತ್ರಗಳು ಇದರಿಂದ ಹತ್ತು ಪಟ್ಟು ಬೆಳೆಯುತ್ತವೆ, ಕೆಲವು ಮನೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸುಖ ಕೊಡುತ್ತವೆ. ಎರಡನೆಯ ಬಗೆಯವಕ್ಕೆ ಟೋಲ್, ಪಾರ್ಕಿಂಗ್, ಟಿಕೆಟ್ಟು ಎಂದು ಖರ್ಚು ಮಾಡುವ ಅಗತ್ಯವಿಲ್ಲ.

ಎರಡನೆಯದು ಭಾಷೆ, ಮತ್ತು ಇದರಲ್ಲಿ ನಮ್ಮವರ ಲೆಕ್ಕಾಚಾರ ಬಹಳ ಸಲ ತಲೆಕೆಳಗಾಗಿರುತ್ತದೆ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತದೆ, ಆದ್ದರಿಂದ ಇಂಗ್ಲಿಷ್ ಚಿತ್ರವೇ ಸುಲಭ, ಫ್ರೆಂಚ್ ಜಪಾನಿ ಎಲ್ಲ ಬೇಡ ಎಂದುಕೊಳ್ಳುತ್ತೇವೆ. ಆದರೆ ಇಂಗ್ಲಿಷನ್ನು ಓದಿ ಕಲಿತ ತಲೆಮಾರಿನವರಿಗೆ, ಬ್ಯಾಂಕಿನಲ್ಲಿಯೋ ಕಾಲೇಜಿನಲ್ಲಿಯೋ ಜೀವನವಿಡೀ ಇಂಗ್ಲಿಷ್ ಓದಿ ಬರೆದವರಿಗೆ, 1940ರ ದಶಕದ ಅಮೆರಿಕನ್ನರ ಚಟಪಟ ಮಾತಿಗಿಂತ ಪರದೆಯ ಕೆಳಗಿನ ಎರಡು ಸಾಲು ಸಬ್‌ಟೈಟಲ್ ಎಷ್ಟೋ ಹಗುರ. ನನ್ನ ಅಮ್ಮ ಅಮೆರಿಕನ್ ಚಿತ್ರವೊಂದರ ನಡುವೆ ನಾಲ್ಕು ಸಲ ‘ಏನಂದ ಅವನು?’ ಎಂದು ಕೇಳಿದ್ದರು. ಮುಂದಿನ ವಾರ ಫ್ರೆಂಚ್ ಚಿತ್ರಕ್ಕೆ ಕರೆದೊಯ್ದಾಗ ಒಂದು ಸಲವೂ ಕೇಳಲಿಲ್ಲ. ಕಣ್ಣಿನ ತೊಂದರೆ ಇರುವವರಿಗೆ ಈ ಲೆಕ್ಕ ಮತ್ತೆ ತಿರುಗುತ್ತದೆ, ಅದು ಬೇರೆ ಮಾತು.

ಮೂರನೆಯದು ಅವಧಿ. ಇಲ್ಲಿ ಇಂಟರ್ವಲ್ ಇರುವುದಿಲ್ಲ ಎಂಬುದನ್ನು ಊರಿನಿಂದ ಬಂದವರಿಗೆ ಮೊದಲೇ ಹೇಳಿ, ಒಳಗೆ ಹೋಗುವ ಮುನ್ನವೇ ಶೌಚಾಲಯದ ಕೆಲಸ ಮುಗಿಸಿಕೊಳ್ಳಲು ಸೂಚಿಸಬೇಕು. ನಾಲ್ಕನೆಯದು ಪಕ್ಕದಲ್ಲಿ ಕೂರುವವರು ಯಾರು, ಅವರು ಯಾವುದನ್ನು ತಾಳಿಕೊಳ್ಳಬಲ್ಲರು ಎಂಬುದು. ಹಳೆಯ ಕಪ್ಪುಬಿಳುಪು ಚಿತ್ರ ಎಂದಾಕ್ಷಣ ಅದು ಸೌಮ್ಯ ಎಂದುಕೊಳ್ಳುವಂತಿಲ್ಲ. ಕೊನೆಯದಾಗಿ, ಅಪರಾಧದ ಕಥೆಯಿಂದ ನಿಮಗೆ ಬೇಕಾದದ್ದೇನು? ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದವರಿಗೆ ‘ಕೊಂದವರು ಯಾರು’ ಎಂಬುದೇ ಮುಖ್ಯ. ಈ ಒಂಬತ್ತರಲ್ಲಿ ಒಂದೂ ಪೂರ್ತಿಯಾಗಿ ಆ ಜಾತಿಯದಲ್ಲ. ಇವುಗಳಲ್ಲಿ ಹೆಚ್ಚಿನವು ಅಪರಾಧಿಯನ್ನು ಆರಂಭದಲ್ಲಿಯೇ ತೋರಿಸಿ, ‘ಇವನು ಹೇಗೆ ಸಿಕ್ಕಿಬೀಳುತ್ತಾನೆ’ ಎಂದು ನಮ್ಮನ್ನು ಕಾಯಿಸುತ್ತವೆ. ಹಾಗಾಗಿ ಮುಂದಿನ ಸಾಲುಗಳಲ್ಲಿ ಸ್ವಲ್ಪ ಕಥೆ ಹೇಳಿದರೂ ನಷ್ಟವಿಲ್ಲ. ತುದಿಯನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ.

ಪರದೆಗೆಂದೇ ಕಾಯಬೇಕಾದ ಎರಡು

ಒಂದೇ ಟಿಕೆಟ್ಟು, ಜೊತೆಯಲ್ಲಿ ದೊಡ್ಡವರು ಮಾತ್ರ, ಎಂದರೆ ನನ್ನ ಉತ್ತರ ‘ರಿಫಿಫಿ’. ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡ ಅಮೆರಿಕನ್ ನಿರ್ದೇಶಕ ಜೂಲ್ಸ್ ಡಾಸಿನ್ 1955ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಈ ಫ್ರೆಂಚ್ ಚಿತ್ರಕ್ಕೆ ಕಾನ್ ಉತ್ಸವದ ನಿರ್ದೇಶನ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಜೈಲಿನಿಂದ ಬಂದ ಮುದಿ ಕಳ್ಳನೊಬ್ಬ ಮೂವರನ್ನು ಕೂಡಿಕೊಂಡು ಒಡವೆ ಅಂಗಡಿಗೆ ಕನ್ನ ಹಾಕುತ್ತಾನೆ, ಕಥೆ ಅಷ್ಟೇ. ಆದರೆ ಆ ಕನ್ನದ ಸುಮಾರು ಅರ್ಧ ಗಂಟೆಯಲ್ಲಿ ಒಂದು ಮಾತಿಲ್ಲ, ಒಂದು ತುಣುಕು ಸಂಗೀತವಿಲ್ಲ. ಮೇಲಿನ ಮನೆಯ ನೆಲವನ್ನು ಮೆಲ್ಲಗೆ ಕೊರೆಯುತ್ತಾರೆ. ಬೆರಳು ಹೋಗುವಷ್ಟು ತೂತಾದ ಮೇಲೆ ಅದರೊಳಗಿನಿಂದ ಮಡಚಿದ ಕೊಡೆಯೊಂದನ್ನು ಇಳಿಸಿ ಕೆಳಗೆ ಬಿಚ್ಚುತ್ತಾರೆ. ತೂತನ್ನು ದೊಡ್ಡದು ಮಾಡಿದಂತೆ ಉದುರುವ ಗಾರೆಯೆಲ್ಲ ಅಂಗಡಿಯ ನೆಲಕ್ಕೆ ಬಿದ್ದು ಸದ್ದಾಗದೆ, ತಲೆಕೆಳಗಾಗಿ ತೂಗುತ್ತಿರುವ ಆ ಕೊಡೆಯೊಳಗೆ ಶೇಖರವಾಗುತ್ತದೆ. ಅಲಾರಮ್ಮಿನ ಬಾಯಿ ಕಟ್ಟಲು ಬೆಂಕಿ ನಂದಿಸುವ ನೊರೆ. ಸಂಗೀತ ನಿರ್ದೇಶಕ ಜಾರ್ಜ್ ಓರಿಕ್ ಈ ಭಾಗಕ್ಕೆಂದು ಸಂಗೀತ ಬರೆದೇ ಇದ್ದರಂತೆ. ಅದಿರುವ ಮತ್ತು ಅದಿಲ್ಲದ ಎರಡೂ ರೂಪಗಳನ್ನು ನೋಡಿದ ಮೇಲೆ ಅವರೇ ಬೇಡವೆಂದರು.

ಮನೆಯಲ್ಲಿ ಈ ಅರ್ಧ ಗಂಟೆ ಫ್ರಿಜ್ಜಿನ ಸದ್ದಿನಲ್ಲಿ ಕರಗಿಹೋಗುತ್ತದೆ. ಥಿಯೇಟರಿನಲ್ಲಿ ನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಪಾಪ್‌ಕಾರ್ನ್ ಪೊಟ್ಟಣಕ್ಕೆ ಕೈಹಾಕಿದವರು ತಾವೇ ಕಳ್ಳರೆಂಬಂತೆ ಕೈ ಹಿಂದೆಗೆಯುತ್ತಾರೆ. ಮಾತೇ ಇಲ್ಲದ್ದರಿಂದ ಸಬ್‌ಟೈಟಲ್ಲಿನ ಗೊಡವೆಯೂ ಆ ಹೊತ್ತಿಗೆ ಇಲ್ಲ. ಕೊರತೆಯನ್ನೂ ಹೇಳಬೇಕು: ಚಿತ್ರದಲ್ಲಿ ಗಂಡಸರು ಹೆಂಗಸರನ್ನು ನಡೆಸಿಕೊಳ್ಳುವ ರೀತಿ ಒರಟಾಗಿದೆ, ಮೊದಲರ್ಧದಲ್ಲಿ ಬೆಲ್ಟಿನಿಂದ ಹೊಡೆಯುವ ಸನ್ನಿವೇಶವೊಂದು ತೆರೆಯ ಮರೆಯಲ್ಲಿ ನಡೆದರೂ ಕಸಿವಿಸಿ ಉಂಟುಮಾಡುತ್ತದೆ, ಮತ್ತು ಕನ್ನದ ನಂತರದ ಭಾಗದಲ್ಲಿ ಮಗುವೊಂದು ಅಪಾಯಕ್ಕೆ ಸಿಲುಕುತ್ತದೆ. ಅವಧಿ ಎರಡು ಗಂಟೆಗೆ ಒಂದೆರಡು ನಿಮಿಷ ಕಡಿಮೆ.

ಇದರೊಂದಿಗೆ ತೂಗಬೇಕಾದದ್ದು, ನನ್ನ ಮೇಲೆ ಮುನಿಸು ತಂದ ಆ ಜಪಾನಿ ಚಿತ್ರವೇ: ಅಕಿರ ಕುರೊಸಾವರ ‘ಹೈ ಅಂಡ್ ಲೋ’, 1963. ಜಪಾನಿ ಹೆಸರಿನ ಅರ್ಥ ಸ್ವರ್ಗ ಮತ್ತು ನರಕ ಎಂದು, ಮತ್ತು ಅದು ಹೆಚ್ಚು ಒಪ್ಪುವ ಹೆಸರು. ಗುಡ್ಡದ ಮೇಲಿನ ಬಂಗಲೆಯಲ್ಲಿರುವ ಪಾದರಕ್ಷೆ ಕಂಪನಿಯ ಅಧಿಕಾರಿಯ ಮಗನನ್ನು ಅಪಹರಿಸಲು ಹೋದವನು ತಪ್ಪಿ ಅವನ ಕಾರು ಚಾಲಕನ ಮಗನನ್ನು ಎತ್ತಿಕೊಂಡು ಹೋಗುತ್ತಾನೆ, ಆದರೂ ಒತ್ತೆಹಣವನ್ನು ಅಧಿಕಾರಿಯೇ ಕೊಡಬೇಕೆಂದು ಪಟ್ಟುಹಿಡಿಯುತ್ತಾನೆ. ಪರರ ಮಗುವಿಗಾಗಿ ಮನೆಮಠ ಕಳೆದುಕೊಳ್ಳಬೇಕೇ? ಮೊದಲ ಒಂದು ಗಂಟೆಯ ಹತ್ತಿರ ಹತ್ತಿರ ಕಥೆ ಒಂದೇ ದಿವಾನಖಾನೆಯಲ್ಲಿ ನಡೆಯುತ್ತದೆ. ಪರದೆಯ ಉದ್ದಗಲವನ್ನು ತುಂಬಿ ಹತ್ತು ಜನ ನಿಂತಿರುತ್ತಾರೆ, ಎಡಮೂಲೆಯಲ್ಲಿ ಅಧಿಕಾರಿಯ ಪಾತ್ರದ ತೊಶಿರೊ ಮಿಫುನೆ ಫೋನ್ ಹಿಡಿದಿದ್ದರೆ ಬಲಮೂಲೆಯಲ್ಲಿ ಚಾಲಕ ತಲೆತಗ್ಗಿಸಿ ನಿಂತಿರುತ್ತಾನೆ, ಇಬ್ಬರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಆ ದೃಶ್ಯ ದಕ್ಕುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಚಾಲಕ ಹೆಬ್ಬೆರಳಿನಷ್ಟಾಗಿಬಿಡುತ್ತಾನೆ. ಆ ಕೋಣೆಯ ಉಸಿರುಕಟ್ಟಿದ ಮೇಲೆ ಚಿತ್ರ ಒಮ್ಮೆಲೇ ಓಡುವ ರೈಲಿಗೆ ಹಾರುತ್ತದೆ. ಏಳು ಸೆಂಟಿಮೀಟರ್ ಮಾತ್ರ ತೆರೆಯುವ ಶೌಚಾಲಯದ ಕಿಟಕಿಯಿಂದ ಹಣದ ಪೆಟ್ಟಿಗೆಯನ್ನು ಎಸೆಯಬೇಕು. ಇಡೀ ಕಪ್ಪುಬಿಳುಪು ಚಿತ್ರದಲ್ಲಿ ಒಂದೇ ಒಂದು ಕಡೆ ಬಣ್ಣ ಬರುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ.

ಹಾಗಾದರೆ ಇದು ‘ರಿಫಿಫಿ’ಗಿಂತ ದೊಡ್ಡದಲ್ಲವೇ ಎಂದರೆ, ಹೌದು, ನನ್ನ ದೃಷ್ಟಿಯಲ್ಲಿ ಚಿತ್ರವಾಗಿ ಇದೇ ದೊಡ್ಡದು. ಆದರೂ ಇದನ್ನು ಎಲ್ಲರಿಗೂ ಮೊದಲ ಆಯ್ಕೆಯಾಗಿ ಹೇಳುವ ಧೈರ್ಯ ಈಗ ಬರುವುದಿಲ್ಲ. 143 ನಿಮಿಷ, ಮೊದಲ ಭಾಗದಲ್ಲಿ ತುಂಬ ಮಾತು, ನಡುವೆ ಪೊಲೀಸರ ತನಿಖೆಯ ವಿವರ ವಿವರವಾದ ವರದಿಗಳು. ಕೆಲಸ ಮುಗಿಸಿ ದಣಿದು ಬಂದ ಶುಕ್ರವಾರ ರಾತ್ರಿಗೆ ಇದು ಬೇಡ. ಭಾನುವಾರ ಮಧ್ಯಾಹ್ನದ ಆಟಕ್ಕೆ, ಊಟ ಲಘುವಾಗಿ ಮಾಡಿ, ಹೋಗಿ. ಇದೇ ಕಥೆಯನ್ನು ಸ್ಪೈಕ್ ಲೀ 2025ರಲ್ಲಿ ನ್ಯೂಯಾರ್ಕಿಗೆ ತಂದು ಡೆನ್ಝೆಲ್ ವಾಷಿಂಗ್ಟನ್ ಅವರಿಂದ ಮಾಡಿಸಿದ್ದಾರೆ. ಅದನ್ನು ಮನೆಯಲ್ಲಿ ನೋಡಿ ಮೂಲದ ಬಗ್ಗೆ ಕುತೂಹಲ ಹುಟ್ಟಿದ್ದರೆ ಈ ಟಿಕೆಟ್ಟಿನ ಬೆಲೆ ಇನ್ನೂ ಸಾರ್ಥಕ.

ಜೊತೆಯಲ್ಲಿ ಹಿರಿಯರು, ಹದಿಹರೆಯದವರು ಇದ್ದರೆ

‘ರಿಯರ್ ವಿಂಡೋ’ ಇಂಗ್ಲಿಷ್ ಚಿತ್ರವೇ ಆದರೂ ನನ್ನ ಎರಡನೆಯ ನಿಯಮಕ್ಕೆ ಅಪವಾದ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಛಾಯಾಗ್ರಾಹಕನೊಬ್ಬ ಹಿತ್ತಲ ಆಚೆಯ ಕಿಟಕಿಗಳನ್ನು ನೋಡುತ್ತ ಹೊತ್ತು ಕಳೆಯುತ್ತಾನೆ, ಒಂದು ಕಿಟಕಿಯಲ್ಲಿ ಕೊಲೆ ನಡೆದಿದೆ ಎಂಬ ಗುಮಾನಿ ಹುಟ್ಟುತ್ತದೆ. ಹಿಚ್‌ಕಾಕ್ 1954ರಲ್ಲಿ ಮಾಡಿದ ಈ ಚಿತ್ರದಲ್ಲಿ ಕಥೆಯ ಬಹುಪಾಲು ಆ ಕಿಟಕಿಗಳಲ್ಲಿ, ಮಾತು ಕೇಳಿಸದಷ್ಟು ದೂರದಲ್ಲಿ, ಮೂಕಾಭಿನಯದಂತೆ ನಡೆಯುವುದರಿಂದ ‘ಏನಂದ ಅವನು?’ ಎಂಬ ಪ್ರಶ್ನೆಗೆ ಅವಕಾಶ ಕಡಿಮೆ. ನಾಯಕನಿಗೂ ಅದು ಕೇಳಿಸಿರುವುದಿಲ್ಲ. ವಠಾರದಲ್ಲಿ ಬೆಳೆದ ನಮ್ಮ ಹಿರಿಯರಿಗೆ ಈ ಚಿತ್ರದ ಒಳಗುಟ್ಟನ್ನು ಯಾರೂ ವಿವರಿಸಬೇಕಾಗಿಲ್ಲ. ರಕ್ತ ಕಾಣುವುದಿಲ್ಲ, ಬೈಗುಳವಿಲ್ಲ, ನಗು ಬೇಕಾದಷ್ಟಿದೆ, 112 ನಿಮಿಷ, ಬಣ್ಣದ ಚಿತ್ರ. ಹದಿಮೂರು ಹದಿನಾಲ್ಕರ ಮಕ್ಕಳೂ ಬೇಸರಪಡದೆ ನೋಡುತ್ತಾರೆ. ದೊಡ್ಡ ಪರದೆಯ ಲಾಭ ಇಲ್ಲಿ ನಿಜವಾದದ್ದು: ಎದುರಿನ ಒಂದೊಂದು ಕಿಟಕಿಯೂ ಒಂದೊಂದು ಪುಟ್ಟ ಪರದೆ, ನಾಯಕ ನೋಡದ ಕಿಟಕಿಯನ್ನು ನೀವು ನೋಡಬಹುದು.

ಇನ್ನೊಂದು ಸಂತೋಷವೂ ಇದಕ್ಕೆ ಅಂಟಿಕೊಂಡಿದೆ. ಕಥೆ ನಡೆಯುವುದು ಫಿಲ್ಮ್ ಫೋರಮ್‌ಗೆ ನಡೆದು ಹೋಗುವಷ್ಟು ಹತ್ತಿರದ ಗ್ರೀನ್‌ವಿಚ್ ವಿಲೇಜಿನಲ್ಲಿ. ಹಿತ್ತಲನ್ನು ಪೂರ್ತಿಯಾಗಿ ಹಾಲಿವುಡ್ಡಿನ ಪ್ಯಾರಮೌಂಟ್ ಸ್ಟುಡಿಯೋದ ಒಳಗೇ ಕಟ್ಟಿದ್ದರು, ಆದರೆ ಅದಕ್ಕೆ ಮಾದರಿ ಕ್ರಿಸ್ಟೋಫರ್ ಬೀದಿಯ 125ನೆಯ ಸಂಖ್ಯೆಯ ಕಟ್ಟಡದ ಹಿಂಬದಿ ಎನ್ನುತ್ತಾರೆ. ಜರ್ಸಿಯಿಂದ ಪಾತ್ ರೈಲಿನಲ್ಲಿ ಬಂದು ಕ್ರಿಸ್ಟೋಫರ್ ಸ್ಟ್ರೀಟ್ ನಿಲ್ದಾಣದಲ್ಲಿ ಮೇಲೆ ಹತ್ತಿ ಬಂದರೆ ಆ ಕಟ್ಟಡ ಅದೇ ಬೀದಿಯಲ್ಲಿ, ಕೆಲವೇ ಹೆಜ್ಜೆಗಳ ಆಚೆ ಇದೆ. ಚಿತ್ರ ನೋಡಿ ವಾಪಸ್ ಅದೇ ದಾರಿಯಲ್ಲಿ ಹೋಗುವಾಗ ಅಪ್ಪ ದೀಪ ಉರಿಯುತ್ತಿದ್ದ ಕಿಟಕಿಗಳನ್ನು ಕತ್ತೆತ್ತಿ ನೋಡುತ್ತ ನಡೆದದ್ದು, ಅಮ್ಮ ‘ಸಾಕು, ನಡೀರಿ’ ಎಂದು ತೋಳು ಹಿಡಿದು ಎಳೆದದ್ದು, ನನ್ನ ಮಟ್ಟಿಗೆ ಆ ಟಿಕೆಟ್ಟಿನ ಬೆಲೆಯಲ್ಲಿ ಸೇರಿಬಿಟ್ಟಿದೆ.

‘ನಿಷ್ಕರ್ಷ’ದಲ್ಲಿ ಬ್ಯಾಂಕಿನೊಳಗಿನ ಒತ್ತೆಯಾಳುಗಳ ಜೊತೆ ತಾವೂ ಸಿಕ್ಕಿಕೊಂಡವರಂತೆ ಕೂತಿದ್ದ ತಲೆಮಾರಿಗೆ ಇನ್ನೊಂದು ಆಯ್ಕೆ 1974ರ ‘ದಿ ಟೇಕಿಂಗ್ ಆಫ್ ಪೆಲ್ಹಾಮ್ ಒನ್ ಟೂ ಥ್ರೀ’. ಬಣ್ಣಗಳ ಹೆಸರಿನಿಂದ ಒಬ್ಬರನ್ನೊಬ್ಬರು ಕರೆದುಕೊಳ್ಳುವ ನಾಲ್ವರು ನ್ಯೂಯಾರ್ಕಿನ ಸಬ್‌ವೇ ರೈಲಿನ ಬೋಗಿಯೊಂದನ್ನು ವಶಪಡಿಸಿಕೊಂಡು, ಒಂದು ಗಂಟೆಯೊಳಗೆ ಹತ್ತು ಲಕ್ಷ ಡಾಲರ್ ಕೇಳುತ್ತಾರೆ. ಸುರಂಗದೊಳಗೆ ಸಿಕ್ಕಿಕೊಂಡ ರೈಲಿನಿಂದ ಅವರು ತಪ್ಪಿಸಿಕೊಳ್ಳುವುದಾದರೂ ಹೇಗೆ ಎಂಬುದು ನಮ್ಮನ್ನು ಹಿಡಿದಿಡುವ ಒಗಟು. ಕಥೆಗೂ ಥಿಯೇಟರಿಗೂ ಇಲ್ಲೊಂದು ವಿಚಿತ್ರ ನಂಟಿದೆ. ಫಿಲ್ಮ್ ಫೋರಮ್‌ನ ಹತ್ತಿರವೇ ನೆಲದಡಿ 1ನೆಯ ನಂಬರಿನ ಸಬ್‌ವೇ ಓಡುತ್ತದೆ, ಕೆಲವು ನಿಮಿಷಗಳಿಗೊಮ್ಮೆ ಆ ಗುಡುಗು ಸಭಾಂಗಣದಲ್ಲಿ ಕೇಳಿಸುತ್ತದೆ. ‘ರಿಫಿಫಿ’ಯ ನಿಶ್ಶಬ್ದದ ನಡುವೆ ಅದು ಬಂದರೆ ಹಲ್ಲು ಕಡಿಯುವಂತಾಗುತ್ತದೆ, ಇದು ಆ ಥಿಯೇಟರಿಗೆ ಹೋಗುವವರೆಲ್ಲ ಒಪ್ಪಿಕೊಂಡಿರುವ ಕೊರತೆ, ‘ಪೆಲ್ಹಾಮ್’ ನಡೆಯುವಾಗ ಅದೇ ಸದ್ದು ಬಿಟ್ಟಿಯಾಗಿ ಸಿಕ್ಕ ಧ್ವನಿ ಪರಿಣಾಮ. ಅಡ್ಡಿಯೊಂದೇ: ಮಾತು ವೇಗ, ನ್ಯೂಯಾರ್ಕಿನ ಬೀದಿ ಇಂಗ್ಲಿಷು, ಬೈಗುಳ ಧಾರಾಳ. ಇಲ್ಲಿಯೇ ಹುಟ್ಟಿ ಬೆಳೆದ ಕಾಲೇಜು ವಯಸ್ಸಿನ ಮಕ್ಕಳ ಜೊತೆ ಹೋಗಲು ಇದಕ್ಕಿಂತ ಒಳ್ಳೆಯದಿಲ್ಲ, ಅತ್ತೆ ಮಾವನ ಜೊತೆ ಹೋಗಲು ಇದಕ್ಕಿಂತ ಮುಜುಗರದ್ದೂ ಇಲ್ಲ. ಚಿತ್ರದ ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಬ್ರೂಕ್ಲಿನ್ನಿನ ಕೋರ್ಟ್ ಸ್ಟ್ರೀಟಿನ ನಿರುಪಯುಕ್ತ ನಿಲ್ದಾಣದಲ್ಲಿ. ಈಗ ಅದೇ ಜಾಗ ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂ, ಹಳೆಯ ಬೋಗಿಗಳೊಳಗೆ ಹತ್ತಿ ಕೂರಬಹುದು.

ಮಳೆಗಾಲದ ಮನಸ್ಥಿತಿಗೆ

ಕಥೆಗಿಂತ ಗುಂಗು ಬೇಕು ಎನ್ನುವವರು ಸಾಮಾನ್ಯವಾಗಿ ಮೂರರ ನಡುವೆ ತೂಗಾಡುತ್ತಾರೆ.

‘ದಿ ಥರ್ಡ್ ಮ್ಯಾನ್’ ಅವುಗಳಲ್ಲಿ ಎಲ್ಲರಿಗೂ ಸಲ್ಲುವಂಥದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಾಲ್ಕು ದೇಶಗಳ ಸೇನೆಗಳು ಹಂಚಿಕೊಂಡಿದ್ದ ವಿಯೆನ್ನಾ, ಅಲ್ಲಿ ಗೆಳೆಯನನ್ನು ಹುಡುಕಿಕೊಂಡು ಬಂದು ಅವನ ಶವಸಂಸ್ಕಾರದ ಹೊತ್ತಿಗೆ ತಲುಪುವ ಅಗ್ಗದ ಕಾದಂಬರಿಗಳ ಲೇಖಕ, ಕಲಬೆರಕೆ ಪೆನಿಸಿಲಿನ್ನಿನ ಕಾಳಸಂತೆ. ಗ್ರಹಾಂ ಗ್ರೀನ್ ಬರೆದು ಕ್ಯಾರಲ್ ರೀಡ್ 1949ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಆಂಟನ್ ಕರಾಸ್ ನುಡಿಸಿದ ಜಿತರ್ ವಾದ್ಯ ಬಿಟ್ಟರೆ ಬೇರೆ ವಾದ್ಯವೇ ಇಲ್ಲ ಎನ್ನಬಹುದು. ಆರ್ಸನ್ ವೆಲ್ಸ್ ಕಾಣಿಸಿಕೊಳ್ಳುವುದು ಒಂದು ಗಂಟೆ ಕಳೆದ ಮೇಲೆ, ಒಂದು ಬೆಕ್ಕಿನ ಹಿಂದೆ. ಅವರಿಗಾಗಿಯೇ ಬಂದವರಿಗೆ ತಾಳ್ಮೆ ಬೇಕು. ಒದ್ದೆ ಕಲ್ಲುಹಾಸಿನ ಮೇಲಿನ ಬೆಳಕು, ಒಳಚರಂಡಿಯ ಪ್ರತಿಧ್ವನಿ, ಎರಡೂ ಚಿತ್ರಮಂದಿರಕ್ಕೇ ಸೇರಿದವು. 104 ನಿಮಿಷ ಎಂದು ಹಾಕಿದ್ದರೆ ಅದು ಬ್ರಿಟಿಷ್ ಆವೃತ್ತಿ. ಅಮೆರಿಕದಲ್ಲಿ ಮೊದಲು ಬಿಡುಗಡೆಯಾದದ್ದು ಹನ್ನೊಂದು ನಿಮಿಷ ಕತ್ತರಿಸಿದ, ಆರಂಭದ ನಿರೂಪಣೆಯ ದನಿಯನ್ನೂ ಬದಲಿಸಿದ ಆವೃತ್ತಿ. ಐವತ್ತನೆಯ ವರ್ಷಕ್ಕೆ, 1999ರಲ್ಲಿ, ರಿಯಾಲ್ಟೊ ಪೂರ್ಣ ರೂಪವನ್ನು ತಂದಿತು. ಕೊನೆಯ ದೃಶ್ಯ ಬಹಳ ಉದ್ದವಾಗಿದೆ, ಮುಗಿಯಿತೆಂದುಕೊಂಡು ಕೋಟು ಹಾಕಿಕೊಳ್ಳಲು ಏಳಬೇಡಿ.

‘ಎಲಿವೇಟರ್ ಟು ದಿ ಗ್ಯಾಲೋಸ್’ 1958ರದು, ಲೂಯಿ ಮಾಲ್ ಇಪ್ಪತ್ತೈದರ ಹರೆಯದಲ್ಲಿ ಮುಗಿಸಿದ ಚಿತ್ರ, ಒಂದೂವರೆ ಗಂಟೆ ಅಷ್ಟೇ. ಯಜಮಾನನನ್ನು ಕೊಂದು ಬಂದವನೊಬ್ಬ ಮರೆತ ಹಗ್ಗವನ್ನು ತರಲು ಮತ್ತೆ ಒಳಗೆ ಹೋಗುತ್ತಾನೆ, ಕಾವಲುಗಾರ ಕರೆಂಟು ಆರಿಸಿ ಮನೆಗೆ ಹೋಗುತ್ತಾನೆ, ಕೊಲೆಗಾರ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಹೊರಗೆ ಅವನಿಗಾಗಿ ಕಾಯುವ ಪ್ರೇಯಸಿ, ನಟಿ ಜಾನ್ ಮೊರೊ, ರಾತ್ರಿಯಿಡೀ ಪ್ಯಾರಿಸ್ಸಿನ ಬೀದಿಯಲ್ಲಿ, ಅಂಗಡಿ ಕಿಟಕಿಗಳ ಬೆಳಕು ಬಿಟ್ಟರೆ ಬೇರೆ ದೀಪವಿಲ್ಲದೆ, ನಡೆಯುತ್ತಾರೆ. ಕ್ಯಾಮೆರಾವನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು ಆ ನಡಿಗೆಯನ್ನು ಹಿಡಿದರು. ಅದಕ್ಕೆ ಮೈಲ್ಸ್ ಡೇವಿಸ್ 1957ರ ಡಿಸೆಂಬರಿನ ಒಂದು ರಾತ್ರಿ, ದೃಶ್ಯಗಳನ್ನು ನೋಡುತ್ತ ನೋಡುತ್ತ, ಆಶುವಾಗಿ ಟ್ರಂಪೆಟ್ ನುಡಿಸಿದರು. ಕಥೆಯ ಎಳೆಗಳಲ್ಲಿ ಒಂದು, ಕಾರು ಕದ್ದ ಯುವ ಜೋಡಿಯದು, ನನಗೆ ಯಾವತ್ತೂ ತೆಳುವಾಗಿಯೇ ಕಂಡಿದೆ. ಆದರೂ ಆ ತುತ್ತೂರಿಯನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಲೆಂದೇ ಹೋಗುವವರಿದ್ದಾರೆ, ಸಂಗೀತದ ಕಿವಿ ಇರುವ ನಿಮ್ಮ ಸ್ನೇಹಿತರು ಖಂಡಿತ ಹೋಗಲಿ. ಬೇಗ ಮನೆ ಸೇರಬೇಕಾದ ವಾರದ ದಿನಕ್ಕೂ ಇದೇ ಸರಿ.

ಮೂರನೆಯದು ಜಾನ್ ಪಿಯರ್ ಮೆಲ್ವಿಲ್‌ರ ‘ಲ ಸಾಮುರಾಯ್’, 1967. ಬಾಡಿಗೆ ಕೊಲೆಗಾರನ ಪಾತ್ರದಲ್ಲಿ ಅಲಾನ್ ದೆಲೋನ್, ಬೂದು ಬಣ್ಣದ ಕೋಣೆ, ಪಂಜರದಲ್ಲೊಂದು ಹಕ್ಕಿ, ಮೊದಲ ಮಾತು ಕೇಳಿಬರುವ ಹೊತ್ತಿಗೆ ಹತ್ತು ನಿಮಿಷ ಕಳೆದಿರುತ್ತದೆ. ಕದಿಯಬೇಕಾದ ಕಾರಿನಲ್ಲಿ ಕೂತು ಬಳೆಯಷ್ಟು ದೊಡ್ಡ ಉಂಗುರಕ್ಕೆ ಪೋಣಿಸಿದ ಕೀಲಿಗಳನ್ನು ಒಂದೊಂದಾಗಿ, ಅವಸರವಿಲ್ಲದೆ, ಕಣ್ಣನ್ನು ಮುಂದಿನ ಗಾಜಿನಿಂದ ಕದಲಿಸದೆ ಹಾಕಿ ನೋಡುತ್ತಾನೆ. ಇದು ನಿಮ್ಮನ್ನು ಹಿಡಿದರೆ ಪೂರ್ತಿ ಹಿಡಿಯುತ್ತದೆ, ಇಲ್ಲವಾದರೆ ಅರ್ಧ ಗಂಟೆಯಲ್ಲಿ ನಿದ್ದೆ. ಹಾಗಾಗಿ ಒಬ್ಬರೇ ಹೋಗುವವರಿಗೆ ಮಾತ್ರ ಹೇಳುತ್ತೇನೆ. ಆರಂಭದಲ್ಲಿ ಬುಶಿದೊ (ಸಾಮುರಾಯ್ ಯೋಧರ ನೀತಿ) ಗ್ರಂಥದ್ದೆಂದು ತೋರಿಸುವ ವಾಕ್ಯವನ್ನು ಮೆಲ್ವಿಲ್ ತಾವೇ ಬರೆದದ್ದು, ಅದನ್ನು ನಂಬಿ ಯಾರಿಗೂ ಕಳುಹಿಸಬೇಡಿ.

ಉಳಿದ ಎರಡು ಮತ್ತು ದುಡ್ಡಿನ ಮಾತು

ಬಿಲ್ಲಿ ವೈಲ್ಡರ್ ಅವರ ‘ಡಬಲ್ ಇಂಡೆಮ್ನಿಟಿ’, 1944, ನನ್ನ ಅತ್ಯಂತ ಪ್ರಿಯ ಚಿತ್ರಗಳಲ್ಲೊಂದು, ಆದರೂ ಅದಕ್ಕೆ ನಾನು ಯಾರನ್ನೂ ಥಿಯೇಟರಿಗೆ ಕಳುಹಿಸುವುದಿಲ್ಲ. ವಿಮಾ ಏಜೆಂಟನೊಬ್ಬ ಮೊದಲ ಐದು ನಿಮಿಷದಲ್ಲಿಯೇ ತಾನು ಕೊಲೆ ಮಾಡಿದೆ ಎಂದು ಡಿಕ್ಟಾಫೋನಿಗೆ (ಮಾತು ಮುದ್ರಿಸುವ ಯಂತ್ರಕ್ಕೆ) ಹೇಳಿಕೊಳ್ಳುತ್ತಾನೆ, ಆಮೇಲಿನದೆಲ್ಲ ಮಾತಿನ ಕತ್ತಿವರಸೆ. ಚಿತ್ರಕಥೆಯಲ್ಲಿ ರೇಮಂಡ್ ಚಾಂಡ್ಲರ್ ಕೈ ಇದೆ, ಒಂದೊಂದು ಸಾಲನ್ನೂ ಮತ್ತೊಮ್ಮೆ ಕೇಳಬೇಕೆನಿಸುತ್ತದೆ, ಮತ್ತು ಹಿಂದಕ್ಕೆ ಹೋಗಿ ಕೇಳುವ ಸೌಲಭ್ಯ ಇರುವುದು ಮನೆಯಲ್ಲಿಯೇ. ಕ್ಯಾಪ್ಷನ್ ಹಾಕಿಕೊಂಡು ನೋಡಿದಾಗ ಎಡ್ವರ್ಡ್ ಜಿ. ರಾಬಿನ್ಸನ್ ಆತ್ಮಹತ್ಯೆಯ ಬಗೆಗಳ ಅಂಕಿಅಂಶಗಳನ್ನು ಒಂದೇ ಉಸಿರಿಗೆ ಒಪ್ಪಿಸುವ ಭಾಷಣ ನನಗೆ ಮೊದಲ ಬಾರಿ ಪೂರ್ತಿಯಾಗಿ ಅರ್ಥವಾಯಿತು. ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಡಿವಿಡಿ ಇದ್ದೀತು, ಕೇಳಿ.

ಫ್ರಿಟ್ಜ್ ಲ್ಯಾಂಗ್ ಅವರ ‘ಎಂ’, 1931, ಇದಕ್ಕೆ ಪೂರಾ ವಿರುದ್ಧ. ಮಕ್ಕಳನ್ನು ಕೊಲ್ಲುವವನೊಬ್ಬನನ್ನು ಪೊಲೀಸರೂ ನಗರದ ಕಳ್ಳರೂ ಬೇರೆಬೇರೆಯಾಗಿ ಹುಡುಕುತ್ತಾರೆ. ಕೊಲೆ ಒಂದೂ ಕಾಣುವುದಿಲ್ಲ. ಹುಲ್ಲಿನ ಮೇಲೆ ಉರುಳಿ ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು, ಊಟಕ್ಕೆ ಇಟ್ಟ ಖಾಲಿ ತಟ್ಟೆ. ಕೊಲೆಗಾರನ ಶಿಳ್ಳೆಯನ್ನು ಗುರುತಿಸುವವನು ಕುರುಡ ಬಲೂನು ಮಾರುವವನು. ಇದು ಲ್ಯಾಂಗ್ ಅವರ ಮೊದಲ ಮಾತಿನ ಚಿತ್ರ, ಆದರೆ ಶಬ್ದವನ್ನು ಎಲ್ಲಿ ತಡೆಹಿಡಿಯಬೇಕೆಂಬುದನ್ನು ಇಂದಿನವರೂ ಇದರಿಂದ ಕಲಿಯಬೇಕು. ದೊಡ್ಡ ಪರದೆಯಲ್ಲಿ ನೋಡಲೇಬೇಕಾದದ್ದು, ನಿಜ. ಮನೆಯಲ್ಲಿ ಪುಟ್ಟ ಮಕ್ಕಳನ್ನು ಬಿಟ್ಟು ಬಂದ ಅಪರೂಪದ ಸಂಜೆಗೆ ಮಾತ್ರ ಬೇಡ. ನಾನು ಹಾಗೆ ಒಮ್ಮೆ ಹೋಗಿ, ಮಧ್ಯದಲ್ಲಿ ಎದ್ದು ಹೊರಗೆ ಬಂದು ಮನೆಗೆ ಫೋನ್ ಮಾಡಿದ್ದೆ.

ದುಡ್ಡಿನ ಲೆಕ್ಕದಲ್ಲಿ ಇಬ್ಬರ ಸಂಜೆಗೆ ಟಿಕೆಟ್ಟಿಗಿಂತ ಪಯಣವೇ ಭಾರವಾಗುವುದು ಸಾಮಾನ್ಯ. ಕಾರು ತಂದರೆ ಸುರಂಗದ ಟೋಲೂ ಪಾರ್ಕಿಂಗೂ ಸೇರಿ ಚಿತ್ರದ ಬೆಲೆಯನ್ನು ಮೀರುತ್ತವೆ. ಎಡಿಸನ್ ಕಡೆಯವರು ಪೆನ್ ಸ್ಟೇಷನ್ನಿಗೆ ಬಂದು 1ನೆಯ ನಂಬರಿನ ಸಬ್‌ವೇ ಹಿಡಿದರೆ ಹೌಸ್ಟನ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯಬಹುದು. ಥಿಯೇಟರಿನ ಸದಸ್ಯರಿಗೆ ಟಿಕೆಟ್ಟು ಗಣನೀಯವಾಗಿ ಅಗ್ಗ, ಆದರೆ ಸದಸ್ಯತ್ವ ಗಿಟ್ಟುವುದು ವರ್ಷದಲ್ಲಿ ಹಲವು ಸಲ ಹೋಗುವವರಿಗೆ. ಅಪ್ಪ ಅಮ್ಮ ಬಂದಾಗ ಮಾತ್ರ ಹೋಗುವವರಿಗೆ ಬಿಡಿ ಟಿಕೆಟ್ಟೇ ಸಾಕು. ಪಟ್ಟಿಯಲ್ಲಿ 35 ಎಂಎಂ ಎಂದು ಬರೆದಿದ್ದರೆ ನಿಜವಾದ ಫಿಲಂ ಸುರುಳಿ, ಗೀರುಗಳೂ ರೀಲು ಬದಲಾಗುವ ಚುಕ್ಕೆಗಳೂ ಜೊತೆಗೆ ಬರುತ್ತವೆ. ಡಿಸಿಪಿ ಅಥವಾ 4ಕೆ ಎಂದಿದ್ದರೆ ಸ್ವಚ್ಛಗೊಳಿಸಿದ ಡಿಜಿಟಲ್ ಪ್ರತಿ. ‘ದಿ ಥರ್ಡ್ ಮ್ಯಾನ್’ ಸುರುಳಿಯಲ್ಲಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ‘ಹೈ ಅಂಡ್ ಲೋ’ದಂಥ ಅಗಲ ಪರದೆಯ ಚಿತ್ರಕ್ಕೆ ಒಳ್ಳೆಯ ಡಿಜಿಟಲ್ ಪ್ರತಿಯಾದರೂ ನಷ್ಟವಿಲ್ಲ. ಸಬ್‌ಟೈಟಲ್ ಇರುವ ಚಿತ್ರವಾದರೆ ಹದಿನೈದು ನಿಮಿಷ ಮೊದಲು ಹೋಗಿ ಮುಂದೆ ಎತ್ತರದವರು ಕೂರದ ಜಾಗ ನೋಡಿಕೊಳ್ಳಿ. ನವೀಕರಣದ ನಂತರ ಈ ತೊಂದರೆ ಕಡಿಮೆಯಾಗಿದೆಯಾದರೂ ಪೂರ್ತಿ ಹೋಗಿಲ್ಲ.

ಕೊನೆಯ ಆಟಕ್ಕೆ ಹೋಗುವ ಜರ್ಸಿ ಸಿಟಿಯವರು ಟಿಕೆಟ್ಟು ಕೊಳ್ಳುವ ಮೊದಲೇ ಪಾತ್ ವೇಳಾಪಟ್ಟಿ ನೋಡಬೇಕು. ತಡರಾತ್ರಿಯ ರೈಲುಗಳು ಹೊಬೊಕನ್ ಸುತ್ತಿ ಬರುತ್ತವೆ, ಅವುಗಳ ನಡುವಿನ ಅಂತರವೂ ಹೆಚ್ಚು. ಒಂಬತ್ತು ಗಂಟೆಯ ‘ಹೈ ಅಂಡ್ ಲೋ’ ಮುಗಿಸಿ ಕ್ರಿಸ್ಟೋಫರ್ ಸ್ಟ್ರೀಟಿನ ಪ್ಲಾಟ್‌ಫಾರ್ಮಿಗೆ ಬರುವ ಹೊತ್ತಿಗೆ ಹನ್ನೆರಡು ಗಂಟೆಯ ಸಮೀಪ. ‘ಎಲಿವೇಟರ್’ ಆದರೆ ಹನ್ನೊಂದರ ಒಳಗೇ ಅಲ್ಲಿರುತ್ತೀರಿ.